55 ಡಿಗ್ರಿಯ ಸೋಮಾರಿತನ

ನಮ್ಮ ಪ್ರಯೋಗಾಲಯಗಳಲ್ಲಿ ಸಾರ್ವಜನಿಕರ ದುಡ್ಡಿನಿಂದ ತಂದ, ಡಿಎನ್‌ಎಯನ್ನು ನಕಲು ಮಾಡಿ ಹೆಚ್ಚಿಸುವ ಪಿಸಿಆರ್ ಯಂತ್ರಗಳಿವೆ. ಹಲವುಗಳಲ್ಲಿ ಗ್ರೇಡಿಯೆಂಟ್ ಸೌಲಭ್ಯವೂ ಇದೆ: 96 ಗುಳಿಗಳ ಒಂದೇ ಬ್ಲಾಕು, ಅದರ 12 ಸಾಲುಗಳಿಗೆ ಬೇರೆಬೇರೆ ಬಿಸಿ. ನಕಲು ಶುರುಮಾಡುವ ಪ್ರೈಮರ್ ತುಣುಕು ಡಿಎನ್‌ಎಗೆ ಯಾವ ಉಷ್ಣಾಂಶದಲ್ಲಿ ಸರಿಯಾಗಿ ಅಂಟುತ್ತದೆಂಬುದನ್ನು 20 ಮೈಕ್ರೋಲೀಟರಿನ ಕೆಲವು ಟ್ಯೂಬುಗಳು ಕೆಲವೇ ಗಂಟೆಗಳಲ್ಲಿ ಹೇಳಿಬಿಡುತ್ತವೆ. ನಾವು ಕೇಳಬೇಕಲ್ಲ! ಸೀನಿಯರ್ ಬರೆದಿಟ್ಟುಹೋದ 55 ಡಿಗ್ರಿಯನ್ನೇ ವೇದವಾಕ್ಯವೆಂದು ಯಂತ್ರಕ್ಕೆ ಕೊಟ್ಟು ಕ್ಯಾಂಟೀನಿನ ದಾರಿ ಹಿಡಿಯುತ್ತೇವೆ.

ಕ್ಯಾರಿ ಮುಲ್ಲಿಸ್‌ಗೆ 1983ರಲ್ಲಿ ಹೊಳೆದ ಪಿಸಿಆರ್ ವಿಧಾನದ ಆರಂಭದ ದಿನಗಳಲ್ಲಿ ಒಂದು ಬಿಸಿನೀರಿನ ತೊಟ್ಟಿಯಿಂದ ಇನ್ನೊಂದಕ್ಕೆ ಟ್ಯೂಬುಗಳನ್ನು ಕೈಯಲ್ಲೇ ದಾಟಿಸುತ್ತಿದ್ದರು. ಬಿಸಿಗೆ ಕಿಣ್ವ ಹಾಳಾಗುತ್ತಿತ್ತು. ಸುತ್ತು ಸುತ್ತಿಗೂ ಹೊಸದಾಗಿ ಸುರಿಯಬೇಕಿತ್ತು. ಬಿಸಿನೀರಿನ ಬುಗ್ಗೆಯ ಬ್ಯಾಕ್ಟೀರಿಯಾದಿಂದ ಬಂದ ಟ್ಯಾಕ್ ಕಿಣ್ವ ಒಂದು ಗೋಳನ್ನು ತಪ್ಪಿಸಿತು, ಯಂತ್ರ ಮತ್ತೊಂದನ್ನು. ಹಾಗೆ ಉಳಿದ ಹೊತ್ತನ್ನು ನಾವು ಯೋಚಿಸುವುದಕ್ಕೆ ಬಳಸಲಿಲ್ಲ.

ಉಷ್ಣಾಂಶ ಇಳಿದರೆ ಪ್ರೈಮರ್ ಸಲ್ಲದ ಜಾಗಕ್ಕೂ ಅಂಟಿ, ನಕಲುಗಳನ್ನು ಬೇರ್ಪಡಿಸಿ ತೋರಿಸುವ ಜೆಲ್ ತುಂಬ ಬೇಡದ ಬ್ಯಾಂಡುಗಳು. ಏರಿದರೆ ಜೆಲ್ ಖಾಲಿ. ಇದು ಎಂಎಸ್ಸಿ ಪಾಠ, ನಾವೇ ಕಲಿಸುವ ಪಾಠ. ಆದರೂ ಫಲಿತಾಂಶ ಕೆಟ್ಟಾಗ ಮೊದಲು ಬೈಸಿಕೊಳ್ಳುವುದು ಕಿಣ್ವ, ಆಮೇಲೆ ಅದನ್ನು ಮಾರಿದ ಕಂಪನಿ, ಕೊನೆಗೆ ಆ ವರ್ಷ ಸೇರಿದ ಹುಡುಗಿ. ಹೊಸ ಪ್ರೈಮರಿಗೆ ಆರ್ಡರ್ ಹೋಗುತ್ತದೆ, ವಾರಗಳು ಕಳೆಯುತ್ತವೆ, ಹೊಸದನ್ನೂ ಅದೇ 55ರಲ್ಲಿ ಇಡುತ್ತೇವೆ. ಗ್ರೇಡಿಯೆಂಟ್ ಬಳಸುವ ಕೆಲವರದೂ ಅರೆಮನಸ್ಸಿನ ಕೆಲಸವೇ. ಎಷ್ಟೋ ಬ್ಲಾಕುಗಳಲ್ಲಿ ಬಿಸಿ ಸಾಲಿನಿಂದ ಸಾಲಿಗೆ ಸಮವಾಗಿ ಏರುವುದಿಲ್ಲ. ಯಂತ್ರ ತೋರಿಸುವ ಅಂಕಿಯನ್ನು ಓದುವ ಬದಲು ಎರಡು ತುದಿಗಳ ಅಂತರವನ್ನು ಭಾಗಾಕಾರ ಮಾಡಿ ಬರೆದುಕೊಳ್ಳುತ್ತಾರೆ. ಶುದ್ಧವಾದ ಬ್ಯಾಂಡನ್ನು ಬಿಟ್ಟು ದಪ್ಪಗೆ ಹೊಳೆಯುವುದನ್ನು ಆರಿಸುತ್ತಾರೆ, ಅದನ್ನೇ ಸೀಕ್ವೆನ್ಸಿಂಗ್‌ಗೆ ಕಳಿಸಿ ಕಸವನ್ನು ದುಡ್ಡು ಕೊಟ್ಟು ಓದಿಸುತ್ತಾರೆ.

ರಸಾಯನಶಾಸ್ತ್ರ ವಿಭಾಗದವರು ಇದನ್ನು ಓದಿ ನಗಬೇಕಾಗಿಲ್ಲ. ಉಷ್ಣಾಂಶಕ್ಕೂ ಕ್ರಿಯೆಯ ವೇಗಕ್ಕೂ ಇರುವ ನಂಟನ್ನು ಅರೇನಿಯಸ್ 1889ರಲ್ಲೇ ಸಮೀಕರಣದಲ್ಲಿ ಹಿಡಿದಿಟ್ಟ. 10 ಡಿಗ್ರಿ ಏರಿದರೆ ಎಷ್ಟೋ ಕ್ರಿಯೆಗಳ ವೇಗ ಸುಮಾರು ಇಮ್ಮಡಿಯಾಗುತ್ತದೆಂದು ಪಿಯುಸಿ ಮಕ್ಕಳೂ ಬರೆಯುತ್ತಾರೆ. ನಮ್ಮ ಪಿಎಚ್‌ಡಿ ಪ್ರಬಂಧಗಳಲ್ಲಿ ಮಾತ್ರ ‘ಕೋಣೆಯ ಉಷ್ಣಾಂಶದಲ್ಲಿ, ರಾತ್ರಿಯಿಡೀ’. ಯಾವ ಕೋಣೆ? ಮೇ ತಿಂಗಳ ಕಲಬುರಗಿಯದೋ, ಡಿಸೆಂಬರಿನ ಮಡಿಕೇರಿಯದೋ? ನಡುವೆ 20 ಡಿಗ್ರಿ ವ್ಯತ್ಯಾಸವಿದ್ದರೆ ವೇಗ ನಾಲ್ಕು ಪಟ್ಟು ಬೇರೆಯಾದೀತು. ಒಂದು ತುದಿ ಕಾದ, ಇನ್ನೊಂದು ತುದಿ ತಣ್ಣಗಿನ ಲೋಹದ ಹಲಗೆಯ ಮೇಲೆ ಪುಟ್ಟ ವಯಲ್‌ಗಳನ್ನು ಸಾಲಾಗಿ ಇಟ್ಟಿದ್ದರೆ ಒಂದೇ ಹಗಲಿನಲ್ಲಿ ಉತ್ತರ ಸಿಗುತ್ತಿತ್ತು, ಅದೂ ಮಿಲಿಗ್ರಾಂ ಲೆಕ್ಕದ ಸಾಮಗ್ರಿಯಲ್ಲಿ. ನಾವು ಫ್ಲಾಸ್ಕಿನ ತುಂಬ ಸುರಿದು, ಬೆಳಗಾಗುವವರೆಗೆ ಕಲಕಿ, ಬಂದ ಟಾರನ್ನು ಸಿಂಕಿಗೆ ಚೆಲ್ಲುತ್ತೇವೆ. ಆಮೇಲೆ ದ್ರಾವಕಕ್ಕೆ ಅನುದಾನ ಸಾಲದೆಂದು ಅರ್ಜಿ ಬರೆಯುತ್ತೇವೆ.