ನಾಲ್ಕನೇ ದಿನದ ರಕ್ತದ ಲೆಕ್ಕ

ಕರುಳಿನ ಗಡ್ಡೆ ತೆಗೆದು ಎರಡು ತುದಿ ಕೂಡಿಸಿ ಹೊಲಿದ ಮೇಲೆ ಶಸ್ತ್ರವೈದ್ಯರ ನಿದ್ದೆ ಕೆಡಿಸುವ ಪ್ರಶ್ನೆ ಒಂದೇ: ಹೊಲಿಗೆ ಸೋರುತ್ತಿದೆಯೇ? ಸೋರಿದರೆ ನಂಜು ಮೈಗೇರುತ್ತದೆ. ಮುಂಬಯಿಯ ಪರೇಲಿನಲ್ಲಿ ಕೆಇಎಂ ಆಸ್ಪತ್ರೆ 1926ರಲ್ಲಿ, ಟಾಟಾ ಮೆಮೋರಿಯಲ್ ಆಸ್ಪತ್ರೆ 1941ರಲ್ಲಿ ಬಾಗಿಲು ತೆರೆದ ಕಾಲಕ್ಕೆ ಇದಕ್ಕೆ ಉತ್ತರ ಹೇಳುತ್ತಿದ್ದುದು ನಾಡಿ, ಜ್ವರದ ಚಾರ್ಟು, ಹೊಟ್ಟೆಯ ಮೇಲಿಟ್ಟ ವೈದ್ಯರ ಕೈ. ಜ್ವರ ಏರಿ ಹೊಟ್ಟೆ ಉಬ್ಬುವ ಹೊತ್ತಿಗೆ ಎಷ್ಟೋ ಸಲ ಸಮಯ ಕೈಜಾರಿರುತ್ತಿತ್ತು.

ಆ ಸಮಯವನ್ನು ಉಳಿಸಬಲ್ಲ ಸಿ-ರಿಯಾಕ್ಟಿವ್ ಪ್ರೋಟೀನ್, ವಾರ್ಡಿನ ಮಾತಿನಲ್ಲಿ ಸಿಆರ್‌ಪಿ, 1930ರಲ್ಲೇ ನ್ಯೂಯಾರ್ಕಿನಲ್ಲಿ ನ್ಯುಮೋನಿಯಾ ರೋಗಿಗಳ ರಕ್ತದಲ್ಲಿ ಸಿಕ್ಕಿತ್ತು. ಮೈಯಲ್ಲಿ ಎಲ್ಲೇ ಉರಿಯೂತವಾಗಲಿ, ಯಕೃತ್ತು ಇದನ್ನು ರಕ್ತಕ್ಕೆ ಸುರಿಯುತ್ತದೆ. ಆಪರೇಷನ್ ಆದ ಎರಡು-ಮೂರನೇ ದಿನ ತುದಿ ಮುಟ್ಟಿ, ಎಲ್ಲ ಸರಿಯಿದ್ದರೆ ಇಳಿಯತೊಡಗುತ್ತದೆ. ಇಳಿಯದಿದ್ದರೆ ಎಚ್ಚರ. 1993ರಲ್ಲಿ ಸೋಂಕಿನ ಗುರುತಾಗಿ ಬೆಳಕಿಗೆ ಬಂದ ಇನ್ನೊಂದು ಪ್ರೋಟೀನ್, ಪ್ರೊಕ್ಯಾಲ್ಸಿಟೋನಿನ್, ಬ್ಯಾಕ್ಟೀರಿಯಾ ಸೋಂಕಿಗೆ ಹೆಚ್ಚು ಹತ್ತಿರ, ಜೇಬಿಗೆ ಹೆಚ್ಚು ಭಾರ.

2014ರಲ್ಲಿ ಏಳು ಅಧ್ಯಯನಗಳ ಸುಮಾರು 2,500 ರೋಗಿಗಳ ಲೆಕ್ಕ ಒಟ್ಟುಗೂಡಿತು. ಸಿಆರ್‌ಪಿಗೆ ಗೆರೆ ಬಿದ್ದದ್ದು ಹೀಗೆ: ಲೀಟರಿಗೆ ಮೂರನೇ ದಿನ 172, ನಾಲ್ಕನೇ ದಿನ 124, ಐದನೇ ದಿನ 144 ಮಿಲಿಗ್ರಾಂ. ಗೆರೆಯ ಕೆಳಗಿದ್ದ ನೂರರಲ್ಲಿ 97 ಮಂದಿಗೆ ಸೋರಿಕೆ ಇರಲಿಲ್ಲ. ಮೇಲಿದ್ದವರಲ್ಲೂ ಸೋರಿಕೆ ಕಂಡದ್ದು ಐವರಲ್ಲಿ ಒಬ್ಬರಿಗೆ ಮಾತ್ರ. ಎದೆಯ ಸೋಂಕಿಗೂ ಗಾಯದ ಕೀವಿಗೂ ಅಂಕಿ ಏರುತ್ತದೆ. ಅಂದರೆ ಇದು ಕಳ್ಳನನ್ನು ಹಿಡಿಯುವ ಪರೀಕ್ಷೆಯಲ್ಲ, ನಿರಪರಾಧಿಯನ್ನು ಬಿಟ್ಟು ಕಳಿಸುವ ಪರೀಕ್ಷೆ. ಏರಿದ ಅಂಕಿ ಸಿಟಿ ಸ್ಕ್ಯಾನಿಗೆ ದಾರಿ ತೋರಿಸಬಹುದು, ತೀರ್ಪು ಕೊಡಲಾರದು. 2020ರ ಅಧ್ಯಯನವೊಂದು ಇನ್ನೊಂದು ಪಾಠ ಸೇರಿಸಿತು: ಒಂದು ದಿನದ ಅಂಕಿಗಿಂತ ಅದು ಸಾಗುವ ದಿಕ್ಕು ಮುಖ್ಯ; ಎರಡು ದಿನಗಳ ನಡುವೆ 50ಕ್ಕಿಂತ ಹೆಚ್ಚು ಏರಿದರೆ ಹುಷಾರಾಗಬೇಕು.

ಬಿಟ್ಟು ಕಳಿಸುವ ಈ ಗುಣಕ್ಕೆ ಮುಂಬಯಿಯಲ್ಲಿ ಬೇರೆಯೇ ತೂಕ. ಇಲ್ಲಿ ಹಾಸಿಗೆಗೆ ಸರದಿ. ರೋಗಿಯ ಕಡೆಯವರಿಗೆ ದಾದರಿನ ಧರ್ಮಶಾಲೆ, ಇಲ್ಲವೆ ಆಸ್ಪತ್ರೆಯ ಎದುರಿನ ಫುಟ್‌ಪಾತು. ಆದರೆ ಡಿಸ್ಚಾರ್ಜ್ ಆದವರು ಹೋಗುವುದು ಬರೀ ಹತ್ತಿರದ ಡೊಂಬಿವಲಿಗಲ್ಲ. ಉದ್ಯಾನ್ ಎಕ್ಸ್‌ಪ್ರೆಸ್ ಹತ್ತಿ ಕಲಬುರಗಿಗೆ ಹೋಗುವವರೂ ಇದ್ದಾರೆ. ಸೋರಿಕೆ ಕೆಲವೊಮ್ಮೆ ವಾರ ಕಳೆದು ತಲೆಯೆತ್ತುತ್ತದೆ. ಊರಿನ ಡಾಕ್ಟರು ಮತ್ತೆ ರಕ್ತ ತೆಗೆಸಿದರೂ ಹೋಲಿಸಲು ಹಿಂದಿನ ಅಂಕಿ ಕೈಯಲ್ಲಿಲ್ಲದಿದ್ದರೆ ದಿಕ್ಕು ತಿಳಿಯುವುದು ಹೇಗೆ? ಮೇಲಾಗಿ ಒಂದು ಲ್ಯಾಬು ಲೀಟರಿಗೆ ಬರೆದರೆ ಮತ್ತೊಂದು ಡೆಸಿಲೀಟರಿಗೆ ಬರೆಯುತ್ತದೆ; 172 ಮತ್ತು 17.2 ಒಂದೇ ಅಳತೆಯೆಂದು ಗಾಬರಿಯಲ್ಲಿ ಯಾರಿಗೆ ಹೊಳೆದೀತು?

ತೊಂಬತ್ತು ವರ್ಷ ದಾಟಿದ ವಿದ್ಯೆಗೆ ನಾವು ಕೇಳುವುದು ಹೊಸ ಯಂತ್ರವನ್ನಲ್ಲ. ಡಿಸ್ಚಾರ್ಜ್ ಕಾರ್ಡಿನಲ್ಲಿ ಇನ್ನೊಂದು ಸಾಲು: ಕೊನೆಯ ಎರಡು ಸಿಆರ್‌ಪಿ, ತಾರೀಖು, ಅಳತೆಯ ಮಾನ.