ಕಲೆಯ ಪದವಿ, ಕಲಾವಿದನ ಅನ್ನ

ಮುಶಿಗೇರಿಯಂಥ ಊರಿನ ಒಕ್ಕಲುತನದ ಮನೆಯಲ್ಲಿ, ಚಿತ್ರಕಲೆಯ ಪದವಿ ಪಡೆದ ಮಗಳು ಇನ್ನೂ ಎರಡು ವರ್ಷ ಸ್ನಾತಕೋತ್ತರ ವ್ಯಾಸಂಗ ಮಾಡುವೆನೆಂದರೆ, ತಂದೆ ಕೇಳುವ ಮೊದಲ ಮಾತು, ‘ಮುಂದ ಹೊಟ್ಟಿಗೇನವ್ವಾ?’ ಎಂಬುದೇ. ಇದನ್ನು ಅರಸಿಕತನವೆಂದು ತಳ್ಳಿಹಾಕುವುದು ಸುಲಭ, ಆದರೆ ನ್ಯಾಯವಲ್ಲ.

ಅದೇ ತಾಲ್ಲೂಕಿನ ಸೂಡಿಯಲ್ಲಿ 11ನೆಯ ಶತಮಾನದ ಜೋಡುಕಳಸದ ಗುಡಿಯಿದೆ, ನಾಗಕುಂಡವಿದೆ. ಅವನ್ನು ಕಡೆದ ಶಿಲ್ಪಿಗಳಿಗೆ ಪದವಿಪತ್ರವಿರಲಿಲ್ಲ, ನಿಜ. ಆದರೆ ಕೈಹಿಡಿದು ತಿದ್ದುವ ಗುರುಗಳಿದ್ದರು. ಕೆಲಸವಿತ್ತು ಪೊರೆಯಲು ಚಾಲುಕ್ಯರ ದಂಡನಾಯಕ ನಾಗದೇವನಂಥವರಿದ್ದರು. ಗುರು, ಆಶ್ರಯ ಇವೆರಡೂ ಕೂಡಿದಲ್ಲಿಯೇ ಕಲೆ ಬಾಳಿದೆ.

ಈಚೆಗೆ ಗುರುವಿನ ಸ್ಥಾನಕ್ಕೆ ಕಲಾಶಾಲೆಗಳು ಬಂದವು. 1956ರವರೆಗೆ ಮುಂಬಯಿ ಆಡಳಿತಕ್ಕೆ ಸೇರಿದ್ದ ಧಾರವಾಡ ಸೀಮೆಯ ತರುಣರು ಕಲೆಗಾಗಿ, 1857ರಲ್ಲಿ ಸ್ಥಾಪಿತವಾದ ಮುಂಬಯಿಯ ಜೆ. ಜೆ. ಶಾಲೆಯತ್ತ ನೋಡುತ್ತಿದ್ದರು. ಧಾರವಾಡದಲ್ಲಿ ಡಿ. ವಿ. ಹಾಲಭಾವಿ, ಹುಬ್ಬಳ್ಳಿಯಲ್ಲಿ ಮಿಣಜಗಿ, ಗದಗಿನಲ್ಲಿ ಟಿ. ಪಿ. ಅಕ್ಕಿಯವರು ಶಾಲೆ ನಡೆಸಿ ಆ ವಿದ್ಯೆಯನ್ನು ಮನೆಯ ಸಮೀಪಕ್ಕೆ ತಂದರು. ಬಾದಾಮಿಯ ಆರ್. ಎಂ. ಹಡಪದರು ಹುಬ್ಬಳ್ಳಿಯಲ್ಲಿ ಕಲಿತು, ಬೆಂಗಳೂರಿನಲ್ಲಿ ಕೆನ್ ಕಲಾಶಾಲೆಯನ್ನು ಕಟ್ಟಿ ಬೆಳೆಸಿದರು. ಒಬ್ಬ ಗುರುವಿನಿಂದ ಇನ್ನೊಬ್ಬ ಗುರು ಹುಟ್ಟುವ ಪರಿ ಇದು.

ಇಂದು ಕಾಲೇಜಿನಲ್ಲಿ ಕಲೆಯನ್ನು ಬೋಧಿಸಲು ಸ್ನಾತಕೋತ್ತರ ಪದವಿ ಸಾಮಾನ್ಯವಾಗಿ ಬೇಕಾಗುವ ಅರ್ಹತೆ. ಆದುದರಿಂದ ಮಗಳ ಹಂಬಲ ಬರಿಯ ಶೋಕಿಯಲ್ಲ. ಆದರೆ ಪದವಿಯು ಕೊಡುವುದು ಎರಡು ವರ್ಷದ ಗುರುಸಾನ್ನಿಧ್ಯವನ್ನು ಮಾತ್ರ, ಆಶ್ರಯವನ್ನಲ್ಲ. ಅದನ್ನು ಕೊಡಬೇಕಾದವರು ಯಾರು? ಅರಸರಿಲ್ಲದ ಕಾಲದಲ್ಲಿ ಪ್ರಜೆಗಳ ಸರಕಾರವೇ ಆ ಹೊಣೆ ಹೊರಬೇಕು. ಪ್ರತಿಯೊಂದು ಪ್ರೌಢಶಾಲೆಗೂ ಒಬ್ಬ ಚಿತ್ರಕಲಾ ಶಿಕ್ಷಕರಿರಲಿ. ನಿವೃತ್ತರಾದವರ ಜಾಗವನ್ನು ತುಂಬದೆ ಬಿಟ್ಟರೆ ಉಳಿಯುವುದು ಒಂದು ಸಂಬಳ; ಕಳೆದುಹೋಗುವುದು ನೂರಾರು ಮಕ್ಕಳ ಕಣ್ಣು. ಪದವೀಧರರನ್ನು ಸಿದ್ಧಗೊಳಿಸಿ, ಅವರು ನಿಲ್ಲಲು ಸ್ಥಳವನ್ನೇ ಕೊಡದಿರುವುದು ವಿದ್ಯೆಗೆ ಮಾಡುವ ವಂಚನೆ.

ವಿದ್ಯಾರ್ಥಿಗಳಿಗೂ ಒಂದು ಮಾತು. ಪದವಿ ಯಾರನ್ನೂ ಕಲಾವಿದರನ್ನಾಗಿ ಮಾಡದು. ನೋಡುವ ಅಭ್ಯಾಸ, ದುಡಿಯುವ ಕೈ ಮಾಡುತ್ತವೆ. ದೂರದ ಪಟ್ಟಣದಲ್ಲಿ ಪ್ರಬಂಧಕ್ಕೆ ವಿಷಯ ಹುಡುಕುವಾಗ ಸೂಡಿಯ ಕಲ್ಲನ್ನು ನೆನೆಯಿರಿ. ಅದನ್ನು ಅಳೆದು, ಬರೆದು, ಊರಿನ ಮಕ್ಕಳಿಗೆ ತೋರಿಸಿಕೊಟ್ಟವರು ಪಡೆದ ಪದವಿ ಸಾರ್ಥಕ.

ತಂದೆಯ ಪ್ರಶ್ನೆಗೆ ಉತ್ತರ ಹೇಳಬೇಕಾದವಳು ಮಗಳೊಬ್ಬಳೇ ಅಲ್ಲ, ನಾವೆಲ್ಲರೂ.