ಏರಿದ ಸೂಚ್ಯಂಕ, ನಿಂತ ಮಗ್ಗ

2020ರ ಮಾರ್ಚ್ 23ರಂದು 26,000ಕ್ಕಿಂತ ಕೆಳಗಿಳಿದಿದ್ದ ಸೆನ್ಸೆಕ್ಸ್, 2021ರ ಜನವರಿ 21ರಂದು 50,000ದ ಗಡಿ ಮುಟ್ಟಿತು. ಈ ನಡುವೆ ದೊಡ್ಡಬಳ್ಳಾಪುರದಲ್ಲಿ ನೇಯ್ದ ಸೀರೆಗಳು ಮಾರಾಟವಾಗದೆ ಉಳಿದಿದ್ದವು. ಇದರಲ್ಲಿ ಸೋಜಿಗವೇನಿಲ್ಲ. ಸೆನ್ಸೆಕ್ಸ್ ಅಳೆಯುವುದು 30 ಬೃಹತ್ ಕಂಪನಿಗಳನ್ನು; ನಮ್ಮ ವಿದ್ಯುತ್ ಮಗ್ಗಗಳು ಅದರ ಲೆಕ್ಕಕ್ಕೆ ಬಾರವು. ಮೇಲಾಗಿ, 2020ರ ಮೇ ತಿಂಗಳಲ್ಲಿ ರಿಸರ್ವ್ ಬ್ಯಾಂಕು ರೆಪೊ ದರವನ್ನು ಶೇ. 4ಕ್ಕೆ ಇಳಿಸಿತು; ಠೇವಣಿಯ ಬಡ್ಡಿ ಕುಗ್ಗಿದಂತೆ ಹಣ ಷೇರುಪೇಟೆಯತ್ತ ಹರಿಯಿತು. ಈ ಏರಿಕೆಯನ್ನು ವ್ಯಾಪಾರದ ಚೇತರಿಕೆಯೆಂದು ಭಾವಿಸಿ ದುಡಿಯುವ ಬಂಡವಾಳವನ್ನು ಅಲ್ಲಿಗೆ ಒಯ್ಯುವುದು ತಪ್ಪೆಂಬುದು ನನ್ನ ಖಚಿತ ಅಭಿಪ್ರಾಯ. ನನ್ನ ಕಕ್ಷಿದಾರರೊಬ್ಬರು ನೂಲು ಖರೀದಿಯ ಓವರ್‌ಡ್ರಾಫ್ಟ್ ಹಣವನ್ನು ಷೇರಿನಲ್ಲಿ ತೊಡಗಿಸಿದರು. ಲಾಭವೇ ಬಂದಿತೆನ್ನಿ, ಆದರೆ ಕಾಗದದ ಮೇಲೆ. ಮದುವೆ ಕಾಲದ ಬೇಡಿಕೆ ಮರಳಿದಾಗ ನೂಲಿಗೆ ಹಣವಿರಲಿಲ್ಲ. ಏರುತ್ತಿದ್ದ ಷೇರನ್ನು ಮಾರಲು ಮನಸ್ಸೂ ಬರಲಿಲ್ಲ. ಅವರ ನೇಕಾರರು ಬೇರೆಯವರ ಮಗ್ಗಗಳಿಗೆ ಹೊರಟುಹೋದರು.